ಒಂದು 'ಯ' ತಂದ ನಾಯಿಪಾಡು

"ಬಾಳೆಗುಂಡಿ ಪೇಟೆಯಿಂದ ಅಪಾಯಕಾರಿ ನಾಯಿಗಳನ್ನು ಓಡಿಸುವ ತನಕ ಈ ಷಡಕ್ಷರಿ ಕೂರುವವನಲ್ಲ!"

ಹೀಗೆಂದು ಷಡಕ್ಷರಿಯವರು ಗುಡುಗಿದ್ದು ತಮ್ಮ ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಕಳಸದ ಬಸ್ಸಿಗೆ ಕಾಯುತ್ತಿದ್ದ ಅಷ್ಟೂ ಜನರ ಎದುರಿಗೆ. ಬಲಗೈ ಆಕಾಶಕ್ಕೆ ಏರಿತ್ತು. ಎಡಗೈ ಮಾತ್ರ ಹಿಂದಕ್ಕೆ ಹೋಗಿ ಪಂಚೆಯನ್ನು ಒತ್ತಿ ಹಿಡಿದಿತ್ತು. ಹಿಡಿಯದೆ ವಿಧಿಯಿರಲಿಲ್ಲ. ಪಂಚೆಯ ಒಂದು ಮುಖ್ಯವಾದ ಭಾಗ ಅಷ್ಟು ಹೊತ್ತಿಗಾಗಲೇ ರಸ್ತೆ ದಾಟಿ, ಎದುರಿನ ಚನ್ನಬಸವನ ಅಡಿಕೆ ಮಂಡಿಯ ಮುಂದೆ, ಕರಿಯನ ಬಾಯಲ್ಲಿ ವಿಜಯಪತಾಕೆಯಂತೆ ಹಾರಾಡುತ್ತಿತ್ತು!

ಕರಿಯ ಎಂದರೆ ಚನ್ನಬಸವ ಸಾಕಿದ ನಾಯಿ. ಮೈಯೆಲ್ಲ ಕಪ್ಪು, ಕಣ್ಣುಗಳ ಮೇಲೆ ಎರಡು ಕಂದು ಚುಕ್ಕೆ, ಬಾಯಿ ತೆರೆದರೆ ಗೋಡೌನಿನ ಬಾಗಿಲು. ಅದಕ್ಕೆ ಈ ಲೋಕದಲ್ಲಿ ಕಂಡರಾಗದ ವಸ್ತು ಒಂದೇ: ಬಿಳಿ ಪಂಚೆ. ಕಳಸಕ್ಕೂ ಸಂಸೆಗೂ ನಡುವಿನ ಈ ಒಂದು ಬೀದಿಯ ಪೇಟೆಯಲ್ಲಿ ಗಂಜಿ ಹಾಕಿದ ಬಿಳಿ ಪಂಚೆ ಉಟ್ಟು ಓಡಾಡುವವರೂ ಒಬ್ಬರೇ.

"ಚನ್ನಬಸವಾ, ನಿನ್ನ ನಾಯಿನ ಕಟ್ಟಿ ಹಾಕು!"

"ಕಟ್ಟಿದ್ರೆ ಬೇಜಾರು ಮಾಡ್ಕೊಳ್ತದೆ ಷಡಕ್ಷರಪ್ಪೋರೆ. ನೀವೇ ಒಂದ್ಸಲ ಪ್ಯಾಂಟ್ ಹಾಕಿ ನೋಡಿ!"

ಬಸ್ಸಿಗೆ ಕಾದಿದ್ದವರು ನಕ್ಕರು. ಆ ನಗುವೇ ಶಪಥಕ್ಕೆ ಕಾರಣ.

'ಕೂರುವವನಲ್ಲ' ಎಂಬ ಮಾತಿಗೆ ಮಾತ್ರ ಊರಲ್ಲಿ ಯಾರೂ ಬೆಚ್ಚಿಬೀಳಲಿಲ್ಲ. ಷಡಕ್ಷರಿಯವರು ಕೂತದ್ದನ್ನು ಕಂಡವರಾದರೂ ಯಾರು? ಕತ್ತಿ, ಹಾರೆ, ಸ್ಪ್ರೇಯರ್ ಪೈಪು, ಕಾಫಿ ಚೀಲ ಮಾರುವ ಅವರ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಒಂದು ಮೆತ್ತೆಯ ಕುರ್ಚಿ ಇತ್ತು. ಅದರಲ್ಲಿ ಬೆಕ್ಕು ಮಲಗುತ್ತಿತ್ತು. ಸಾಹುಕಾರರು ಬಾಗಿಲಿಂದ ಗೋಡೌನಿಗೆ, ಗೋಡೌನಿಂದ ಬೀದಿಗೆ, ಬೀದಿಯಿಂದ ಬಾಗಿಲಿಗೆ. ಮನೆಯಲ್ಲೂ ಅಷ್ಟೆ. ಕಾಫಿ ಲೋಟ ಹಿಡಿದು ಹಜಾರದಿಂದ ಅಡುಗೆಮನೆಗೆ ನಡೆಯುತ್ತಲೇ ಕುಡಿಯುವುದು, ದೋಸೆಯ ತಟ್ಟೆ ಹಿಡಿದು ಜಗಲಿಗೆ ಹೋಗುವುದು.

"ಒಂದು ಕಡೆ ಕೂತ್ಕೊಳಿ ಮಾರಾಯ್ರೆ!" ಎಂದು ಹೆಂಡತಿ ಪ್ರೇಮಕುಮಾರಿ ಬೆಳಿಗ್ಗೆ ಹೇಳುತ್ತಿದ್ದರು, ಮಧ್ಯಾಹ್ನ ಹೇಳುತ್ತಿದ್ದರು, ಸಂಜೆ ಸೌಟು ತೋರಿಸಿ ಹೇಳುತ್ತಿದ್ದರು. ಈ ಮನೆಯಲ್ಲಿ ತನ್ನ ಆ ಮಾತಿಗೆ ಬೆಲೆ ಕೊಡುವ ಪ್ರಾಣಿ ಒಂದೂ ಇಲ್ಲ ಎಂದು ಆಕೆ ಎಂದೋ ತೀರ್ಮಾನಿಸಿಬಿಟ್ಟಿದ್ದರು.

ಪ್ರಾಣಿ ಎಂದ ಮೇಲೆ ಗುಂಡನ ವಿಷಯ ಹೇಳಲೇಬೇಕು.

ಎರಡು ವರ್ಷದ ಹಿಂದೆ ಪ್ರೇಮಕುಮಾರಿಗೆ ಒಂದು ನಾಯಿಮರಿ ಬೇಕೆನಿಸಿತು. "ಕಂತ್ರಿ ನಾಯಿ ನನ್ನ ಹೊಸಿಲು ದಾಟಕೂಡದು!" ಎಂದು ಷಡಕ್ಷರಿಯವರು ಅಪ್ಪಣೆ ಹೊರಡಿಸಿದರು. ಮುಂದಿನ ವಾರವೇ ಸಂಸೆ ಹತ್ತಿರದ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಭಾವಮೈದುನ ಬಸವರಾಜು ಜೀಪಿನಿಂದಿಳಿದು, ಕಾಫಿ ಚೀಲದೊಳಗಿಂದ ಒಂದು ಮರಿಯನ್ನು ತೆಗೆದು ಜಗಲಿಯ ಮೇಲೆ ಬಿಟ್ಟ.

"ಜಾತಿನೇನೋ?" ಎಂದರು ಷಡಕ್ಷರಿಯವರು.

"ಜಾತಿ, ಭಾವ."

ಅಲ್ಲಿಗೆ ವಿಚಾರಣೆ ಮುಗಿಯಿತು. ನಮ್ಮ ಕಡೆ ಮನುಷ್ಯರನ್ನಾದರೆ ಯಾವ ಜಾತಿ, ಅದರಲ್ಲಿ ಯಾವ ಒಳಜಾತಿ, ತಾಯಿಯ ತವರಿನ ಕಡೆ ಹೇಗೆ ಎಂದು ಬೇರು ಕಾಣುವ ತನಕ ಅಗೆಯುತ್ತಾರೆ. ನಾಯಿಯ ವಿಷಯದಲ್ಲಿ ಅಂಥ ಕ್ಷುಲ್ಲಕತನವಿಲ್ಲ. ಒಂದೋ ಅದು 'ಜಾತಿ ನಾಯಿ', ಇಲ್ಲವೋ ಕಂತ್ರಿ. ಯಾವ ಜಾತಿ ಎಂದು ಕೇಳುವುದೇ ಅಪಚಾರ!

ಮರಿಗೆ ಷಡಕ್ಷರಿಯವರು 'ಕಮಾಂಡರ್' ಎಂದು ಹೆಸರಿಟ್ಟರು. ಪ್ರೇಮಕುಮಾರಿ 'ಗುಂಡ' ಎಂದು ಕರೆದರು. ಮರಿ ಗುಂಡನಾಗಿಯೇ ಬೆಳೆಯಿತು. ಒಂದು ಕಿವಿ ನೆಟ್ಟಗೆ ನಿಂತಿತು, ಇನ್ನೊಂದು ನಿಲ್ಲಲು ಮನಸ್ಸು ಮಾಡಲಿಲ್ಲ. ಬಾಲ ಜಿಲೇಬಿ. ಬಣ್ಣ ಹಾಲು ಹೆಚ್ಚಾದ ಕಾಫಿ. ಹುಂಜ ಕಂಡರೆ ಭಯ, ಕೊಡೆ ಬಿಚ್ಚಿದರೆ ಮಂಚದ ಕೆಳಗೆ. ಆದರೂ ಷಡಕ್ಷರಿಯವರು ಸ್ಪ್ರೇಯರ್ ವಾಷರ್ ಕೊಳ್ಳಲು ಬಂದವರನ್ನೂ ಬಿಡುತ್ತಿರಲಿಲ್ಲ.

"ಹೀಗೆ ಮಲಗಿದೆ ಅಂತ ಸದರ ಮಾಡ್ಬೇಡಿ. ಜಾತಿ ನಾಯಿ! ತಿರುಗಿಬಿದ್ರೆ ಎದುರಿದ್ದ ಆಳು ಉಳಿಯಲ್ಲ!"

ಜಾತಿ ನಾಯಿಯೊಂದಿಗೆ ಇಂಗ್ಲಿಷಿನಲ್ಲೇ ಮಾತಾಡಬೇಕೆಂಬುದು ತೋಟದ ಬಂಗಲೆಗಳಿಂದ ಇಳಿದು ಬಂದ ಶಾಸ್ತ್ರ. ಅದರಂತೆ ದಿನಾ ಬೆಳಿಗ್ಗೆ ಅಂಗಡಿಯ ಮುಂದೆ "ಕಮಾಂಡರ್, ಸಿಟ್!" ಎಂದು ಗರ್ಜನೆಯಾಗುತ್ತಿತ್ತು. ಗುಂಡ ನಿಂತೇ ಇರುತ್ತಿತ್ತು. "ಕಮ್!" ಎಂದರೆ ಹೋಗುತ್ತಿತ್ತು. "ಗೋ!" ಎಂದರೆ ಬಂದು ಕೈ ನೆಕ್ಕುತ್ತಿತ್ತು.

"ಇದು ಜರ್ಮನಿ ಕಡೆಯದ್ದಿರ್ಬೇಕು," ಎಂದು ಷಡಕ್ಷರಿಯವರು ನೋಡುವವರಿಗೆ ವಿವರಿಸುತ್ತಿದ್ದರು. "ಇಂಗ್ಲಿಷ್ ಸ್ವಲ್ಪ ಕಷ್ಟ."

ಈಗ ಶಪಥದ ಕಡೆ ಬರೋಣ. ಪಂಚೆ ಹರಿದ ವಾರವೇ ಪೇಪರಿನಲ್ಲಿ ಒಂದು ಸುದ್ದಿ ಬಂದಿತ್ತು. ಯಾವುದೋ ಪರದೇಶದಲ್ಲಿ ಅಪಾಯಕಾರಿ ಜಾತಿಯ ನಾಯಿಗಳನ್ನು ಸಾಕಲು ಸರ್ಕಾರದ ಅನುಮತಿ ಬೇಕಂತೆ. ಬೀದಿಗೆ ತಂದರೆ ಬಾಯಿಗೆ ಕುಕ್ಕೆ ಹಾಕಬೇಕಂತೆ. ಕೆಲವು ಜಾತಿಯನ್ನಂತೂ ಇಟ್ಟುಕೊಳ್ಳುವಂತೆಯೇ ಇಲ್ಲವಂತೆ! ಜೊತೆಗೊಂದು ಚಿತ್ರ. ಕಪ್ಪು ಮೈ, ಕಣ್ಣಿನ ಮೇಲೆ ಕಂದು ಚುಕ್ಕೆ.

"ಪ್ರೇಮಾ! ಓಡಿ ಬಾ! ಕರಿಯನ ಫೋಟೋ ಪೇಪರಲ್ಲಿ ಬಂದಿದೆ!"

"ಯಾಕೆ, ನಿಮ್ಮ ಪಂಚೆ ಸುದ್ದಿ ಅಲ್ಲೀವರೆಗೂ ಹೋಯ್ತಾ?"

ಷಡಕ್ಷರಿಯವರಿಗೆ ಉತ್ತರಿಸುವಷ್ಟು ಪುರುಸೊತ್ತಿರಲಿಲ್ಲ. ಅವರು ಆಗಲೇ ಹಜಾರದ ಉದ್ದಗಲ ಅಳೆಯುತ್ತಾ ಗ್ರಾಮಸಭೆಗೆ ಒಂದು ಠರಾವನ್ನು ರಚಿಸತೊಡಗಿದ್ದರು. ಅಷ್ಟು ದೂರದ ದೊರೆಗಳಿಗೆ ಸಾಧ್ಯವಾದದ್ದು ಬಾಳೆಗುಂಡಿಗೆ ಯಾಕಾಗಬಾರದು?

"ಕೇಳು. 'ಅಪಾಯಕಾರಿ ಜಾತಿಯ ನಾಯಿಗಳನ್ನು ಪೇಟೆಯ ಮಿತಿಯೊಳಗೆ ಸಾಕತಕ್ಕದ್ದಲ್ಲ. ಬೀದಿಗೆ ತಂದಲ್ಲಿ ಬಾಯಿಗೆ ಕುಕ್ಕೆ ಹಾಕತಕ್ಕದ್ದು.' ಹೆಂಗಿದೆ?"

"ಚೆನ್ನಾಗಿದೆ. ಕೂತ್ಕೊಂಡು ಬರೀರಿ."

"ಆದ್ರೆ ಈ 'ಜಾತಿಯ' ಅನ್ನೋ ಹತ್ರ ನಾಲಿಗೆ ಎಡವ್ತದೆ ನೋಡು. ಕಾನೂನು ಅಂದ್ರೆ ಬಿಗಿಯಾಗಿರಬೇಕು. 'ಅಪಾಯಕಾರಿ ಜಾತಿ ನಾಯಿಗಳನ್ನು...' ಆಹಾ! ಈಗ ನೋಡು ಗಾಂಭೀರ್ಯ!"

"ಆ 'ಯ' ನಿಮಗೇನು ಮಾಡಿತ್ತು? ಇರ್ಲಿ ಬಿಡಿ ಪಾಪ."

"ನೀನು ಒಗ್ಗರಣೆ ಸೀಯ್ತಾ ಇದೆಯಾ ನೋಡು. ಶಾಸನದ ಭಾಷೆ ನಂಗೆ ಬಿಡು," ಎಂದು ಷಡಕ್ಷರಿಯವರು ಆ ಬಡಪಾಯಿ 'ಯ'ವನ್ನು ಹೊಡೆದುಹಾಕಿದರು.

ಗ್ರಾಮಸಭೆಯಲ್ಲಿ ಅಧ್ಯಕ್ಷೆ ಕಲ್ಲಮ್ಮ ಇದ್ದರು. ಮೀಸಲಾತಿಯಲ್ಲಿ ಗೆದ್ದು ಬಂದವರು. ಬಾಯಿ ತುಂಬ ಎಲೆಯಡಿಕೆ, ಆದ್ದರಿಂದ ಮಾತು ಕಮ್ಮಿ. ಬಾಯಿ ಖಾಲಿ ಮಾಡಿಕೊಂಡು ಬಂದರೆಂದರೆ ತೀರ್ಪೇ ಬೀಳುವುದು. ಷಡಕ್ಷರಿಯವರು ನಿಂತು ಠರಾವು ಓದಿದರು. ಓದಿದ ಮೇಲೆ ಪರದೇಶದ ಉದಾಹರಣೆ ಕೊಟ್ಟರು. ಆಮೇಲೆ ಪಂಚೆಯ ಉದಾಹರಣೆ ಕೊಟ್ಟರು. ಕಡೆಯ ಬಸ್ಸಿನ ಹಾರನ್ ಕೇಳಿಸಿದ್ದೇ ತಡ, ಸಭೆ ಒಕ್ಕೊರಲಿನಿಂದ ಒಪ್ಪಿ ಎದ್ದು ಓಡಿತು. ಮುಂದಿನ ಸಭೆಯೊಳಗೆ ಅಂಥ ನಾಯಿಯನ್ನು ಪೇಟೆ ದಾಟಿಸತಕ್ಕದ್ದೆಂದು ಗಡುವೂ ಬಿತ್ತು.

ಮರುದಿನ ಪಂಚಾಯ್ತಿಯ ಜವಾನ ಮಂಡಿಯ ಮುಂದೆ ನಿಂತು ಠರಾವನ್ನು ಓದುವಾಗ ಷಡಕ್ಷರಿಯವರು ಹೊಸ ಪಂಚೆ ಉಟ್ಟು, ತಮ್ಮ ಮೆಟ್ಟಿಲ ಮೇಲೆ ಎದೆ ಸೆಟೆಸಿ ನಿಂತಿದ್ದರು. ಚನ್ನಬಸವ ಮೂಟೆಯ ಮೇಲೆ ಕೂತು ಗಮನವಿಟ್ಟು ಕೇಳಿದ.

"ಇನ್ನೊಂದ್ಸಲ ಓದಪ್ಪ."

"ಅಪಾಯಕಾರಿ ಜಾತಿ ನಾಯಿಗಳನ್ನು..."

"ಅಷ್ಟೇ ಸಾಕು. ಜಾತಿ ನಾಯಿ ಅಂತ ಇದೆ ಅಲ್ವಾ? ಒಳ್ಳೇ ಕಾನೂನು! ನಂದು ಕಂತ್ರಿ ಮಾರಾಯ. ಇದರಮ್ಮ ಬಸ್‌ಸ್ಟ್ಯಾಂಡು, ಇದರಪ್ಪ ಮೀನಂಗಡಿ. ಪೇಟೇಲಿ ಜಾತಿ ನಾಯಿ ಅಂತ ಇರೋದು ಒಂದೇ ಅಲ್ವಾ?"

ಬೀದಿಗೆ ಬೀದಿಯೇ ತಿರುಗಿ ಷಡಕ್ಷರಿಯವರ ಕಾಲಬುಡವನ್ನು ನೋಡಿತು. ಅಲ್ಲಿ ಗುಂಡ ನಾಲ್ಕೂ ಕಾಲು ಮೇಲೆ ಮಾಡಿ, ಹೊಟ್ಟೆಯನ್ನು ಬಿಸಿಲಿಗೆ ಒಡ್ಡಿ ಮಲಗಿತ್ತು.

"ಏಯ್! 'ಅಪಾಯಕಾರಿ' ಅಂತಾನೂ ಇದೆ! ಇದು ಯಾರಿಗೆ ಅಪಾಯ ಮಾಡಿದೆ?"

"ನೀವೇ ಹೇಳಿದ್ರಲ್ಲ ಸಾಹುಕಾರ್ರೆ, ತಿರುಗಿಬಿದ್ರೆ ಆಳು ಉಳಿಯಲ್ಲ ಅಂತ. ನಾನು ನಿಮ್ಮಂಗಡೀಲಿ ಹಗ್ಗ ತಗೊಳ್ಳೋಕೆ ಬಂದಾಗ ಹೇಳಿದ್ರಿ. ಹಾರೆ ತಗೊಂಡಾಗಲೂ ಹೇಳಿದ್ರಿ."

ಕಾಣದ ಆ 'ಯ' ಎಲ್ಲೋ ಕೂತು ನಗುತ್ತಿರುವಂತೆ ಷಡಕ್ಷರಿಯವರಿಗೆ ಭಾಸವಾಯಿತು. 'ಅಪಾಯಕಾರಿ ಜಾತಿಯ ನಾಯಿ' ಎಂದಿದ್ದರೆ ಕರಿಯ ಸಿಕ್ಕಿಬೀಳುತ್ತಿತ್ತು. 'ಅಪಾಯಕಾರಿ ಜಾತಿ ನಾಯಿ' ಎಂದು ಬರೆದು, ಊರಿನ ಏಕೈಕ ಜಾತಿ ನಾಯಿಯನ್ನು ತಾವೇ ಗಡೀಪಾರು ಮಾಡಿಬಿಟ್ಟಿದ್ದರು!

ವಿಷಯ ಅಡುಗೆಮನೆ ತಲುಪಿತು. ಪ್ರೇಮಕುಮಾರಿ ಕೂಗಾಡಲಿಲ್ಲ. ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದರು. ಅದೇ ಹೆಚ್ಚು ಭಯಂಕರವಾಗಿತ್ತು.

"ಗುಂಡನ್ನ ಊರು ಬಿಡಿಸ್ತೀರಂತೆ?"

"ಅದು... ಕಾನೂನು ಅಂದ್ಮೇಲೆ..."

"ಸರಿ. ಗುಂಡ ಸಂಸೆಗೆ ಹೋಗ್ಲಿ, ನಮ್ಮ ಬಸವರಾಜು ಮನೆಗೆ. ಅದರ ಹಿಂದಿನ ಬಸ್ಸಿಗೆ ನಾನೂ ಹೋಗ್ತೀನಿ. ನೀವು ಇಲ್ಲೇ ಕೂತ್ಕೊಂಡು... ಅಯ್ಯೋ, ನೀವೆಲ್ಲಿ ಕೂತ್ಕೊಳ್ತೀರಾ! ಸುತ್ತುತ್ತಾ ಇರಿ."

ಅಂದು ಷಡಕ್ಷರಿಯವರು ಹಜಾರದಲ್ಲಿ ನಡೆದ ನಡಿಗೆಯನ್ನು ನೇರ ಮಾಡಿದ್ದರೆ ಚಿಕ್ಕಮಗಳೂರು ಮುಟ್ಟುತ್ತಿತ್ತು. ಹೆಂಡತಿ ಹೊರಟು ಹೋದರೆ ಅನ್ನಕ್ಕೆ ನೀರು ಎಷ್ಟಿಡಬೇಕೆಂದೂ ಗೊತ್ತಿಲ್ಲ. ಅದಕ್ಕಿಂತ ಹೆಚ್ಚಾಗಿ, ಗೊಣಗಲು ಎದುರಿಗೆ ಯಾರೂ ಇಲ್ಲದ ಮನೆಯಲ್ಲಿ ಸುತ್ತುವುದಾದರೂ ಹೇಗೆ? ಗುಂಡ ಅವರ ಹಿಂದೆಯೇ ಸುತ್ತಿತು. ಅದಕ್ಕೆ ಇದೊಂದು ಆಟವೆನಿಸಿತ್ತು.

ಗಡುವಿನ ತನಕವಾದರೂ ಕಾನೂನು ಪಾಲಿಸಿ ಮಾನ ಉಳಿಸಿಕೊಳ್ಳೋಣವೆಂದು ಅಂಗಡಿಯಲ್ಲಿದ್ದ ಎತ್ತಿನ ಬಾಯಿಕುಕ್ಕೆಯೊಂದನ್ನು ತಂದರು. ಎತ್ತಿನ ಬಾಯಿಗೆ ಹೆಣೆದ ಬಿದಿರಿನ ಬುಟ್ಟಿ ಗುಂಡನ ಮೂತಿಗೆ ನಿಂತೀತೆ? ಅದು ಕಿವಿ, ಕಣ್ಣು ಎಲ್ಲವನ್ನೂ ನುಂಗಿ ಕುತ್ತಿಗೆಗೆ ಬಂದು ಕೂತಿತು. ಗುಂಡ ಮೊದಲು ಕಂಬಕ್ಕೆ ಗುದ್ದಿತು. ಆಮೇಲೆ ಷಡಕ್ಷರಿಯವರಿಗೇ ಗುದ್ದಿತು. ಆಮೇಲೆ ಅದಕ್ಕೇನು ಖುಷಿ ಬಂತೋ, ಬುಟ್ಟಿ ಸಮೇತ ಬೀದಿಗೆ ಹಾರಿ ಓಟ ಕಿತ್ತಿತು.

ಎದುರಿಗೆ ಕರಿಯ! ಬಾಳೆಗುಂಡಿಯ ಬಿಳಿ ಪಂಚೆಗಳ ಯಮ, ತಲೆಯಿರಬೇಕಾದಲ್ಲಿ ಬುಟ್ಟಿಯಿದ್ದ ಈ ಪ್ರಾಣಿಯನ್ನು ಒಮ್ಮೆ ನೋಡಿತು. ಜನ್ಮದಲ್ಲಿ ಅಂಥದ್ದನ್ನು ಕಂಡಿರಲಿಲ್ಲ. "ಕುಂಯ್" ಎಂದು ಬಾಲ ಮಡಚಿ ಮಂಡಿಯೊಳಗೆ ನುಗ್ಗಿ, ಅಡಿಕೆ ಮೂಟೆಗಳ ಸಂದಿಗೆ ಸೇರಿ, ಸಂಜೆಯಾದರೂ ಹೊರಬರಲಿಲ್ಲ.

ಚನ್ನಬಸವ ನೇರ ಪಂಚಾಯ್ತಿಗೆ ಹೋದ. "ಜಾತಿ ನಾಯಿಯಿಂದ ನನ್ನ ಕಂತ್ರಿ ನಾಯಿಗೆ ಪ್ರಾಣಭಯ ಇದೆ!"

ಗುಂಡ ಈಗ ಅಧಿಕೃತವಾಗಿ ಅಪಾಯಕಾರಿಯಾಯಿತು.

ಉಳಿದದ್ದು ಒಂದೇ ದಾರಿ. ಎರಡು ವರ್ಷದಿಂದ ಜಾತಿ ನಾಯಿ ಎಂದು ಊರಿಗೆಲ್ಲ ಸಾರಿದ್ದನ್ನು ಈಗ ಕಂತ್ರಿ ಎಂದು ಸಾಧಿಸಬೇಕು! ಷಡಕ್ಷರಿಯವರು ಸಿಕ್ಕಿದ ಜೀಪು ಹತ್ತಿದರು. ಕಿಕ್ಕಿರಿದ ಜೀಪಿನಲ್ಲಿ ನಿಂತೇ ಸಂಸೆ ತಲುಪಿ, ಕಾಫಿ ಒಣಹಾಕಿದ ಕಣದಲ್ಲಿ ಬಸವರಾಜುವನ್ನು ಹಿಡಿದರು.

"ಬಸವರಾಜು, ನಿಜ ಹೇಳು. ಗುಂಡ ಯಾವ ಜಾತಿ?"

ಬಸವರಾಜು ಮೊದಲು ಭಾವನ ಮುಖ ನೋಡಿದ. ಆಮೇಲೆ ಕಾಫಿ ಹಣ್ಣು ನೋಡಿದ.

"ಒಳ್ಳೇ ಜಾತಿ, ಭಾವ."

"ಅದೇ, ಯಾವುದು?"

"ತಾಯಿ ಅಗೋ, ಅಲ್ಲಿ ಮಲಗಿದೆ ನೋಡಿ." ಕಣದ ಮೂಲೆಯಲ್ಲಿ, ಒಂದು ಕಿವಿ ನಿಂತ, ಜಿಲೇಬಿ ಬಾಲದ ಮುದಿ ನಾಯಿಯೊಂದು ಕಾವಲು ಕಾಯುವ ಹೆಸರಿನಲ್ಲಿ ಗೊರಕೆ ಹೊಡೆಯುತ್ತಿತ್ತು. "ತಂದೆ... ಅವರು ತೋಟ ಸುತ್ತೋಕೆ ಬಂದೋರು. ಯಾರು ಅಂತ ಗೊತ್ತಾಗ್ಲಿಲ್ಲ."

"ಹಂಗಾದ್ರೆ ಯಾಕೋ ಜಾತಿ ಅಂದೆ?"

"ಕಂತ್ರಿ ಆದ್ರೆ ನೀವು ಒಳಗೆ ಬಿಡ್ತಿರ್ಲಿಲ್ಲ. ಅಕ್ಕನೇ ಹೇಳಿದ್ಲು: ನಿಮ್ಮ ಭಾವ 'ಜಾತಿನಾ' ಅಂತ ಮಾತ್ರ ಕೇಳ್ತಾರೆ, 'ಹೂಂ' ಅನ್ನು, ಮುಂದಕ್ಕೆ ಕೇಳೋಷ್ಟು ಅವರು ಒಂದು ಕಡೆ ನಿಲ್ಲಲ್ಲ ಅಂತ."

ಬೇರೆ ದಿನವಾಗಿದ್ದರೆ ಷಡಕ್ಷರಿಯವರು ಸಿಡಿಯುತ್ತಿದ್ದರು. ಇಂದು ಅವರು ಭಾವಮೈದುನನನ್ನು ಬಾಚಿ ತಬ್ಬಿಕೊಂಡರು. "ಕಂತ್ರಿ! ಅಪ್ಪಟ ಕಂತ್ರಿ! ಬದುಕಿದೆ ಮಾರಾಯ!"

ಆದರೆ ಊರು ನಂಬಬೇಕಲ್ಲ? ಕಳಸದ ಪಶುವೈದ್ಯರ ಹತ್ತಿರ ಬರೆದುಕೊಡಿ ಎಂದು ಅಂಗಲಾಚಿದರು. "ನಾನು ಹುಳದ ಮಾತ್ರೆ ಕೊಡಬಲ್ಲೆ ಸಾಹುಕಾರ್ರೆ, ಜಾತಿ ಸರ್ಟಿಫಿಕೇಟು ಬೇಕಾದ್ರೆ ಮೂಡಿಗೆರೆ ತಾಲ್ಲೂಕಾಫೀಸಿಗೆ ಹೋಗ್ಬೇಕು," ಎಂದು ಡಾಕ್ಟರು ನಕ್ಕರು. ಆತುರದಲ್ಲಿದ್ದ ಮನುಷ್ಯನಿಗೆ ನಗು ಕಾಣಿಸಲಿಲ್ಲ.

ಮೂಡಿಗೆರೆ ತಾಲ್ಲೂಕಾಫೀಸಿನ ಕಿಟಕಿಯ ಹಿಂದೆ ಒಬ್ಬ ಸೌಮ್ಯ ಗುಮಾಸ್ತರಿದ್ದರು.

"ಜಾತಿ ಪ್ರಮಾಣಪತ್ರ ಯಾರ ಹೆಸರಿಗೆ?"

"ಗುಂಡ ಅಂತ."

"ತಂದೆ ಹೆಸರು?"

"ಗೊತ್ತಿಲ್ಲ ಸಾರ್. ತೋಟ ಸುತ್ತಿ ಹಂಗೇ ಹೋಗಿಬಿಟ್ರಂತೆ."

ಗುಮಾಸ್ತರು ಕನ್ನಡಕ ತೆಗೆದರು. ದನಿ ಮೆತ್ತಗಾಯಿತು. "ಪಾಪ. ತಾಯಿ?"

"ಸಂಸೆ ಕಡೆ, ಕಾಫಿ ಕಣ ಕಾಯೋದು."

"ಈಗ ಯಾರ ಮನೇಲಿ ಬೆಳೀತಿದಾನೆ?"

"ನಮ್ಮನೇಲೇ. ಎರಡು ವರ್ಷದಿಂದ."

"ದೊಡ್ಡ ಮನಸ್ಸು ನಿಮ್ಮದು! ಸ್ಕೂಲಿಗೆ ಹೋಗ್ತಾನಾ?"

"ದಿನಾ ಹೋಗ್ತದೆ. ಬಿಸಿಯೂಟದ ಹೊತ್ತಿಗೆ."

"ಒಳ್ಳೇದಾಯ್ತು. ಯಾವ ಜಾತಿ ಅಂತ ಬರೀಬೇಕು?"

"ಕಂತ್ರಿ ಅಂತ ಬರೆದು ಸೀಲು ಹಾಕಿಬಿಡಿ ಸಾರ್!"

ಗುಮಾಸ್ತರು ಎದ್ದು ನಿಂತರು. "ಥೂ! ತಬ್ಬಲಿ ಮಗುವಿಗೆ ಅನ್ನೋ ಮಾತೇನ್ರಿ ಇದು? ದೊಡ್ಡ ಮನುಷ್ಯರು ಅಂದ್ಕೊಂಡಿದ್ದೆ!"

ಸಾಲಿನಲ್ಲಿದ್ದವರೆಲ್ಲ ಒಂದಾಗಿ ಷಡಕ್ಷರಿಯವರನ್ನು ದೂಡಿದರು. "ಮಗು ಅಲ್ರೀ, ನಾಯಿ!" ಎಂದು ಅವರು ಕೂಗಿದ್ದು ಹೊರಗಿನ ಹಲಸಿನ ಮರಕ್ಕೆ ಮಾತ್ರ ಕೇಳಿಸಿತು.

ಗಡುವಿನ ದಿನ ಬಂದೇ ಬಂತು. ಪಂಚಾಯ್ತಿಯ ಅಂಗಳದಲ್ಲಿ ಎಂದೂ ಸೇರದಷ್ಟು ಜನ. ಪ್ರೇಮಕುಮಾರಿ ಒಂದು ಕೈಯಲ್ಲಿ ಗುಂಡನ ಹಗ್ಗ, ಇನ್ನೊಂದರಲ್ಲಿ ಬಟ್ಟೆಯ ಚೀಲ ಹಿಡಿದು ಬೆಂಚಿನ ತುದಿಯಲ್ಲಿ ಕೂತಿದ್ದರು. ಸಂಸೆಯ ಬಸ್ಸು ಅಂಗಳದ ಎದುರಿಗೇ ನಿಲ್ಲುವುದು. ಚೀಲ ನೋಡಿದಾಗೆಲ್ಲ ಷಡಕ್ಷರಿಯವರ ನಡಿಗೆ ಚುರುಕಾಗುತ್ತಿತ್ತು. ಅವರು ಅಂಗಳದ ಈ ತುದಿಯಿಂದ ಆ ತುದಿಗೆ ತಿರುಗುತ್ತಲೇ ವಾದ ಮಂಡಿಸಿದರು.

"ಅಧ್ಯಕ್ಷರೇ, ಮಹಾಜನಗಳೇ! ಇದು ಜಾತಿ ನಾಯಿ ಅಲ್ಲ! ಇದು ಕಂತ್ರಿ! ಇದರ ವಂಶದಲ್ಲಿ ಜಾತಿ ಅನ್ನೋದೇ ಇಲ್ಲ! ಇದಕ್ಕಿಂತ ಶುದ್ಧವಾದ ಕಂತ್ರಿ ಈ ಜಿಲ್ಲೇಲೇ ಸಿಗಲಿಕ್ಕಿಲ್ಲ!"

"ಜರ್ಮನಿ ಕಡೇದು ಅಂದಿದ್ರಿ," ಎಂದ ಚನ್ನಬಸವ.

"ಸುಳ್ಳು ಹೇಳಿದ್ದೆ!"

"ಆಗ ಹೇಳಿದ್ದು ಸುಳ್ಳಾ, ಈಗ ಹೇಳ್ತಿರೋದು ಸುಳ್ಳಾ? ಎರಡು ವರ್ಷ ಒಂದೇ ಮಾತು ಹೇಳಿದೋರು ನೀವು. ನಾವು ನಂಬಿದ್ದೀವಿ. ನಿಮ್ಮಂಥವರ ಮಾತಿಗೆ ಅಷ್ಟೂ ಬೆಲೆ ಕೊಡದಿದ್ರೆ ಹೆಂಗೆ?"

ಜನ ಹೋ ಎಂದರು. ಕಲ್ಲಮ್ಮ ನಿಧಾನವಾಗಿ ಎದ್ದು, ಕಟ್ಟೆಯ ಆಚೆ ಹೋಗಿ ಬಾಯಿ ಖಾಲಿ ಮಾಡಿಕೊಂಡು ಬಂದರು.

"ಜಾತಿ ನಾಯಿ ಆದ್ರೆ ಇಂಗ್ಲಿಷ್ ಕೇಳ್ತದೆ," ಎಂದರು. "ಬಂಗ್ಲೆ ನಾಯಿಗಳೆಲ್ಲ ಹಂಗೇ. ಕಂತ್ರಿ ಆದ್ರೆ ಕನ್ನಡ ಕೇಳ್ತದೆ. ನೋಡೇಬಿಡುವ. ಷಡಕ್ಷರಪ್ಪೋರೆ, ಇಂಗ್ಲಿಷಲ್ಲಿ ಹೇಳಿ. ಮೆಲ್ಲಗೆ ಹೇಳಿ ಮೋಸ ಮಾಡೋ ಹಂಗಿಲ್ಲ."

ಷಡಕ್ಷರಿಯವರಿಗೆ ಹೋದ ಜೀವ ಬಂತು. ಜನ್ಮದಲ್ಲಿ ಮೊದಲ ಸಲ ಆ ನಾಯಿ ತಮ್ಮ ಮಾತು ಕೇಳದಿರಲೆಂದು ಕಳಸದ ಈಶ್ವರನಿಗೆ ಕೈಮುಗಿದು, ಗಂಟಲು ಹರಿಯುವಂತೆ ಕೂಗಿದರು.

"ಕಮಾಂಡರ್, ಸಿಟ್!"

ಗುಂಡ ನಿಂತೇ ಇತ್ತು. ಬಾಲ ಅಲ್ಲಾಡಿಸಿತು.

"ಸಿಟ್! ಸಿಟ್!"

ಗುಂಡ ಮುಂದೆ ಬಂದು ಅವರ ಹೆಬ್ಬೆರಳು ನೆಕ್ಕಿತು.

"ನೋಡಿದ್ರಾ! ನೋಡಿದ್ರಾ ನನ್ನ ಬಂಗಾರನ್ನ!"

"ಇಂಗ್ಲಿಷ್ ಬರಲ್ಲ ಅಂದ ಮಾತ್ರಕ್ಕೆ ಕಂತ್ರಿ ಆಗ್ತದಾ?" ಎಂದ ಚನ್ನಬಸವ. "ಹಂಗಾದ್ರೆ ಈ ಅಂಗಳದಲ್ಲಿ ಯಾರು ಉಳೀತಾರೆ? ಕನ್ನಡ ಕೇಳ್ತದೆ ಅಂತ ತೋರಿಸ್ಲಿ!"

"ಅದೂ ಹೌದು," ಎಂದರು ಕಲ್ಲಮ್ಮ.

ಷಡಕ್ಷರಿಯವರು ಕನ್ನಡಕ್ಕೆ ಇಳಿದರು. "ಗುಂಡ, ಕೂತ್ಕೋ!" ಗುಂಡ ನಿಂತಿತ್ತು. "ಕೂರೋ! ಕುಕ್ಕರಿಸು! ಲೋ, ಕೂತ್ಕೊಳ್ಳೋ ನಮ್ಮಪ್ಪ!" ಗುಂಡ ಆಕಳಿಸಿತು. ದೂರದಲ್ಲಿ ಸಂಸೆ ಬಸ್ಸಿನ ಹಾರನ್ ಕೇಳಿಸಿತು. ಪ್ರೇಮಕುಮಾರಿ ಚೀಲವನ್ನು ಹೆಗಲಿಗೇರಿಸಿದರು.

ಷಡಕ್ಷರಿಯವರಿಗೆ ಕಾಲ ಕೆಳಗೆ ಭೂಮಿ ನಿಲ್ಲದಾಯಿತು. ಅಂಗಳದಲ್ಲಿ ಗಿರಗಿರ ತಿರುಗುತ್ತಾ, ಕೈ ಬೀಸುತ್ತಾ ಬಡಬಡಿಸತೊಡಗಿದರು. "ಅಧ್ಯಕ್ಷರೇ, ತಪ್ಪು ನಾಯಿದಲ್ಲ, ಒಂದು 'ಯ'ದ್ದು! ಪರದೇಶದಲ್ಲೂ... ಅಂದ್ರೆ ಪೇಪರಲ್ಲಿ... ಕರಿಯ ಏನಿದೆ... ನನ್ನ ಪಂಚೆ ಏನಿತ್ತು... ಮಹಾಜನಗಳೇ, ಮೂಡಿಗೆರೇಲಿ ಗುಮಾಸ್ತರು ಕೂಡ..."

ಎಲ್ಲರ ತಲೆಯೂ ಅವರ ಜೊತೆ ಅತ್ತಿಂದಿತ್ತ ತಿರುಗಿ ತಿರುಗಿ ಸುಸ್ತಾಯಿತು. ಪ್ರೇಮಕುಮಾರಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಮದುವೆಯಾದಾಗಿನಿಂದ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದರು.

"ಸಾಕು, ಕೂತ್ಕೊಳಿ ಮಾರಾಯ್ರೆ!"

ಗುಂಡ ಕೂತಿತು.

ತಟ್ಟನೆ, ಮುಂಗಾಲು ಜೋಡಿಸಿ, ಬೆನ್ನು ನೆಟ್ಟಗೆ ಮಾಡಿ, ಬಂಗಲೆಯ ಯಾವ ನಾಯಿಯೂ ಕೂರದಷ್ಟು ಠೀವಿಯಿಂದ ಕೂತಿತು. ಪ್ರೇಮಕುಮಾರಿ ಬೆರಗಾಗಿ ಅದನ್ನೇ ನೋಡಿದರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಆಕೆ ಗಂಡನಿಗೆ ಹೇಳುತ್ತಿದ್ದ ಮಾತನ್ನು ಆ ಮನೆಯಲ್ಲಿ ಒಂದು ಪ್ರಾಣಿ ಮೂಲೆಯಲ್ಲಿದ್ದು ಕೇಳಿಸಿಕೊಂಡಿತ್ತು. ತನಗೇ ಹೇಳುತ್ತಿದ್ದಾರೆಂದು ತಿಳಿದು, ಎರಡು ವರ್ಷದಿಂದ, ಯಾರೂ ಗಮನಿಸದಿದ್ದರೂ, ಗಂಡನ ಪರವಾಗಿ ಗುಂಡನೇ ಕೂರುತ್ತಾ ಬಂದಿತ್ತು!

"ಎಲಾ!" ಎಂದರು ಕಲ್ಲಮ್ಮ. "ಕೂತ್ಕೋ ಅಂದ್ರೆ ಕೂರಲ್ಲ, ಕೂತ್ಕೊಳಿ ಅಂದ್ರೆ ಕೂರ್ತದೆ! ಇದು ಜಾತಿ ನಾಯಿ ಅಲ್ಲ, ಮರ್ಯಾದಸ್ಥ ನಾಯಿ."

ಆದರೆ ಜನ ಗುಂಡನನ್ನು ನೋಡುತ್ತಿರಲಿಲ್ಲ. ಅಂಗಳವಿಡೀ ಬಾಯಿ ತೆರೆದು ಅದರ ಪಕ್ಕಕ್ಕೆ ನೋಡುತ್ತಿತ್ತು. ಅಲ್ಲಿ, ಬರೀ ನೆಲದ ಮೇಲೆ, ಗಂಜಿ ಹಾಕಿದ ಬಿಳಿ ಪಂಚೆಯನ್ನೂ ಲೆಕ್ಕಿಸದೆ, ಷಡಕ್ಷರಿಯವರು ಕೂತಿದ್ದರು! ಹೆಂಡತಿಯ ಹೆಗಲ ಮೇಲಿನ ಚೀಲ ಕಂಡು ಕಾಲಿನ ಬಲ ಹೋಯಿತೋ, ಇಷ್ಟು ವರ್ಷದ ಆಜ್ಞೆ ಈಗ ಕಿವಿಗೆ ಮುಟ್ಟಿತೋ, ಯಾರಿಗೆ ಗೊತ್ತು! ಅಂತೂ ಕೂತಿದ್ದರು.

"ಕೂರುವವನಲ್ಲ ಅಂದಿದ್ರಿ, ಸಾಹುಕಾರ್ರೆ!" ಎಂದ ಚನ್ನಬಸವ.

ಸಂಸೆಯ ಬಸ್ಸು ಬಂದು ನಿಂತಿತು. ಪ್ರೇಮಕುಮಾರಿ ಬಸ್ಸನ್ನು ನೋಡಿದರು, ನೆಲದ ಮೇಲಿನ ಜೋಡಿಯನ್ನು ನೋಡಿದರು, ಚೀಲವನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟರು. "ಬರೆಯೋವಾಗ ಕೊಂಬು ಇರೋದು ಗುಂಡನಿಗೆ, ನಮ್ಮನೇಲಿ ಮಾತ್ರ ಅದು ಗಂಡನ ತಲೆ ಮೇಲಿತ್ತು," ಎಂದರು. "ಇವತ್ತು ಇವರ ಕೊಂಬು ಇಳೀತು."

"ಆಯ್ತು," ಎಂದು ಕಲ್ಲಮ್ಮ ಕಾರ್ಯದರ್ಶಿಯ ಕಡೆ ತಿರುಗಿದರು. "ಕನ್ನಡ ಕೇಳ್ತದೆ. ಕಂತ್ರಿ ಅಂತ ಬರ್ಕೊಳಿ. ಈ ಸಲ ಅಕ್ಷರ ಬಿಟ್ಟೀರಾ, ಜೋಕೆ!"

ಕಾರ್ಯದರ್ಶಿ ಪೆನ್ನು ಹಿಡಿದು ನೆಲದ ಕಡೆ ನೋಡಿದರು. ಮತ್ತೊಮ್ಮೆ ನೋಡಿದರು.

"ಯಾರನ್ನ ಅಂತ ಬರೀಲಿ ಮೇಡಂ? ಪ್ರೇಮಮ್ಮೋರ ಗುಂಡ ಅಂತಲಾ, ಗಂಡ ಅಂತಲಾ?"

ಕಲ್ಲಮ್ಮ ಹೊಸ ಎಲೆಗೆ ಸುಣ್ಣ ಹಚ್ಚುತ್ತಾ ಒಂದು ಕ್ಷಣ ಯೋಚಿಸಿದರು.

"ಇಬ್ರನ್ನೂ ಬರ್ಕೊಳಿ. ಅಪಾಯ ಏನಿಲ್ಲ, ಊರಲ್ಲೇ ಇರ್ಲಿ."

ಷಡಕ್ಷರಿಯವರು ಎದ್ದು ನಿಂತು ಇದನ್ನು ಉಗ್ರವಾಗಿ ಪ್ರತಿಭಟಿಸಬೇಕೆಂದಿದ್ದರು. ಆದರೆ ಪ್ರೇಮಕುಮಾರಿ ಇನ್ನೂ 'ಏಳಿ' ಎಂದಿರಲಿಲ್ಲ.